ಮೆಣಸಿನಕಾಯಿ ಪೇಟೆಯಲ್ಲಿ ಕೆಮ್ಮಿದ ವರ್ಷ

ಮೊನ್ನೆ ಅಕ್ಕನ ಮೊಮ್ಮಗಳ ಮದುವೆಗೆಂದು ಗಡಹಿಂಗ್ಲಜಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿದು ಪೇಟೆಯ ದಾರಿ ಹಿಡಿದು ಹತ್ತು ಹೆಜ್ಜೆ ಹಾಕಿರಲಿಲ್ಲ, ಮೂಗಿಗೆ ಮೆಣಸಿನಕಾಯಿ ಘಾಟು ಬಡಿಯಿತು. ಒಂದರ ಹಿಂದೊಂದು ನಾಲ್ಕು ಸೀನು ಬಂದವು, ಆಮೇಲೆ ಕೆಮ್ಮು. ಜೊತೆಗಿದ್ದ ಸೊಸೆ ಗಾಬರಿಯಾಗಿ ಚೀಲದಿಂದ ನೀರಿನ ಬಾಟಲಿ ತೆಗೆದಳು. ನಾನು ಕಣ್ಣು ತುಂಬ ನೀರು ಮಾಡಿಕೊಂಡು ನಗುತ್ತ ನಿಂತಿದ್ದೆ. ಅರವತ್ತರ ದಶಕದ ಮೊದಲಲ್ಲಿ, ನನಗೆ ಇಪ್ಪತ್ತೈದು ತುಂಬಿದಾಗ, ಇದೇ ಪೇಟೆಯಲ್ಲಿ ಊರವರ ಕೆಮ್ಮಿನ ನಡುವೆ ನನ್ನ ಕೆಮ್ಮನ್ನು ಬಚ್ಚಿಟ್ಟುಕೊಂಡು ಒಂದು ವರ್ಷ ಕಳೆದಿದ್ದೆ. ಸೊಸೆಗೆ ಅದನ್ನು ಹೇಳಲು ಬಾಯಿ ತೆರೆದರೆ, "ಮಾವಾರ, ಮೊದ್ಲ ನೀರ ಕುಡೀರಿ" ಎಂದು ಬಾಯಿ ಮುಚ್ಚಿಸಿದಳು. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಆಗ ಇಚಲಕರಂಜಿಯಲ್ಲಿ ಮಗ್ಗದ ಕೆಲಸಗಾರ. ಹೆಸರು ಗುರುಪಾದ, ಶೆಡ್ಡಿನಲ್ಲಿ ಎಲ್ಲರ ಬಾಯಲ್ಲಿ ಗುರ್ಯಾ. ಹುಟ್ಟಿದ್ದು ರಬಕವಿ ಕಡೆ, ನೇಕಾರರ ಮನೆಯಲ್ಲಿ. ಅವ್ವ ಅಪ್ಪ ಬೇಗ ಹೋದರು, ಅಕ್ಕ ಗಂಗವ್ವ ಮದುವೆಯಾಗಿ ಗಡಹಿಂಗ್ಲಜ ಸೇರಿದಳು, ನಾನು ಹದಿನೆಂಟಕ್ಕೆ ಒಂದು ಟ್ರಂಕು ಹೊತ್ತು ಇಚಲಕರಂಜಿಗೆ ಬಂದೆ. ಕರೆಂಟಿನ ಮಗ್ಗಗಳ ಸದ್ದಿನಲ್ಲಿ ಅಲ್ಲಿ ಮಾತಿಗಿಂತ ಕೈಸನ್ನೆಯೇ ಹೆಚ್ಚು. ನನ್ನಂಥ ಬಾಯಿಬಡಕನಿಗೆ ಅದೇ ದೊಡ್ಡ ಶಿಕ್ಷೆಯಾಗಿತ್ತು. ನನ್ನ ಜೋಡಿದಾರ ಸಂಗಪ್ಪ ತೇರದಾಳದವನು, ನನಗಿಂತ ಐದಾರು ವರ್ಷ ಹಿರಿಯ. ಹೆಂಡತಿ, ಎರಡು ಹೆಣ್ಣುಮಕ್ಕಳ ಜೊತೆ ನಾನು ಬಾಡಿಗೆಗಿದ್ದ ಖೋಲಿಯ ಹಿಂದಿನ ಚಾಳಿನಲ್ಲಿದ್ದ. ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅವನದು. ಮಗ್ಗಗಳು ಅವೇ ಎರಡು, ಲಾಳಿಗಳೂ ಅವೇ.

ಲಾಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಗ್ಗದಲ್ಲಿ ಅತ್ತಿಂದಿತ್ತ ಓಡುತ್ತ ಅಡ್ಡನೂಲು ಹಾಕುವ ಕಟ್ಟಿಗೆಯ ತುಂಡು ಅದು, ಎರಡೂ ತುದಿ ಚೂಪು. ಅದರ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಕೂಡಿಸಿರುತ್ತಾರೆ. ಕಂಡಿಕೆ ತೀರಿದಾಗಲೆಲ್ಲ ಹೊಸದನ್ನು ಹಾಕಿ, ನೂಲಿನ ತುದಿಯನ್ನು ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಅದಕ್ಕೆ ನಮ್ಮಲ್ಲಿದ್ದ ಹತಾರ ಬಾಯಿ. ತೂತಿಗೆ ತುಟಿ ಹಚ್ಚಿ ಒಂದು ಸಲ ಜೋರಾಗಿ ಉಸಿರೆಳೆದರೆ ನೂಲು ನಾಲಿಗೆಯ ಮೇಲೆ ಬಂದು ಕೂಡುತ್ತಿತ್ತು. ದಿನಕ್ಕೆ ನೂರಾರು ಸಲ ಇದೇ ಕೆಲಸ. ಪಾಳಿ ಬದಲಾಗುವಾಗ ಖಾಲಿ ಲಾಳಿ ಕೊಡುವವನನ್ನು ನಮ್ಮ ಶೆಡ್ಡಿನಲ್ಲಿ ಯಾರೂ ಮನುಷ್ಯ ಎನ್ನುತ್ತಿರಲಿಲ್ಲ. ಹೊಸ ಕಂಡಿಕೆ ಹಾಕಿ, ನೂಲು ಎಳೆದು, ತುದಿ ಇನ್ನೂ ಹಸಿಯಿರುವಾಗಲೇ ಜೋಡಿದಾರನ ಕೈಯಲ್ಲಿ ಲಾಳಿ ಇಡಬೇಕು. ಬಂದವನಿಗೆ ಮೊದಲ ಕಂಡಿಕೆಯ ತ್ರಾಸು ಇರಬಾರದು ಎಂಬುದು ಅದರ ಅರ್ಥ. ಸಂಗಪ್ಪನಿಗೂ ನನಗೂ ಏಳು ವರ್ಷದಲ್ಲಿ ಈ ಮರ್ಯಾದೆ ಒಂದು ದಿನವೂ ತಪ್ಪಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಕೆಮ್ಮು ಹತ್ತಿತು. ಅರಳೆಯ ಧೂಳಿನಲ್ಲಿ ಕೆಮ್ಮದವರು ಯಾರು ಎಂದು ತಲೆಕೆಡಿಸಿಕೊಳ್ಳಲಿಲ್ಲ. ಒಂದು ದಿನ ನೂಲು ಎಳೆದು ತುದಿ ನೋಡಿದರೆ ಬಿಳಿ ನೂಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಗೇಣುದ್ದ ಹರಿದು ಜೇಬಿಗೆ ಹಾಕಿಕೊಂಡೆ. ಮರುದಿನವೂ ಹಾಗೇ ಆಯಿತು. ಏನಿರಬಹುದು ಎಂದು ನನಗೆ ಹೊಳೆಯದೆ ಇರಲಿಲ್ಲ. ನಮ್ಮ ಓಣಿಯಲ್ಲಿ ಆ ರೋಗಕ್ಕೆ ಯಾರೂ ಹೆಸರು ಹೇಳುತ್ತಿರಲಿಲ್ಲ, "ಅದು" ಎನ್ನುತ್ತಿದ್ದರು. "ಅದು" ಬಂದವನಿಗೆ ಮಗ್ಗ ಇಲ್ಲ, ಖೋಲಿ ಇಲ್ಲ, ಚಹದಂಗಡಿಯಲ್ಲಿ ಕುಡಿಯಲು ಕಪ್ಪು-ಬಸಿ ಇಲ್ಲ. ನನ್ನ ಮದುವೆಯ ಮಾತು ಬೇರೆ ನಡೆದಿತ್ತು. ಆದ್ದರಿಂದ ಬಣ್ಣ ಬಂದ ನೂಲು ಹರಿಯುವುದು, ಸ್ವಚ್ಛ ನೂಲು ಮತ್ತೆ ಎಳೆಯುವುದು, ಲಾಳಿ ಸಂಗಪ್ಪನ ಕೈಗೆ ಕೊಡುವುದು, ಹೀಗೆ ಆರು ವಾರ ನಡೆಸಿದೆ. ಇದನ್ನು ಬರೆಯುವಾಗ ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ.

ಕೊನೆಗೆ ಜ್ವರ ಬಿಡದೆ ಕೊಲ್ಹಾಪುರದ ಆಸ್ಪತ್ರೆಗೆ ಹೋದೆ. ಎದೆಯ ಫೋಟೋ ತೆಗೆದರು. ದಪ್ಪ ಕನ್ನಡಕದ ಡಾಕ್ಟರು ಫಿಲ್ಮನ್ನು ದೀಪದ ಮುಂದೆ ಹಿಡಿದು, ಎಡಗಡೆಯ ಪುಪ್ಪಸದ ಮೇಲೆ ಬೆರಳಿಟ್ಟು, "ಘಾಬರೂ ನಕೋ, ಬರಾ ಹೋಶೀಲ" ಎಂದರು. ಹೆದರಬೇಡ, ಗುಣವಾಗುತ್ತಿ ಎಂದು. ನನ್ನ ಕೆಲಸ ಏನು ಎಂದು ಕೇಳಿದರು. ಲಾಳಿಯ ನೂಲನ್ನು ಬಾಯಿಂದ ಎಳೆಯುತ್ತೇವೆ ಎಂದದ್ದೇ ಕುರ್ಚಿಯಲ್ಲಿ ಮುಂದೆ ಸರಿದು ಕೂತರು. ಅದೇ ಲಾಳಿಗೆ ಮತ್ತೆ ಯಾರು ಬಾಯಿ ಹಚ್ಚುತ್ತಾರೆ, ಅವನನ್ನು ಈ ವಾರವೇ ಕರೆದುಕೊಂಡು ಬಾ ಎಂದರು. ನಾನು ಗೋಣು ಹಾಕಿ ಎದ್ದು ಬಂದೆ.

ಸಂಗಪ್ಪನಿಗೆ ಏನೂ ಹೇಳಲಿಲ್ಲ. ಕಾಮಾಲೆ ಆಗಿದೆ, ಅಕ್ಕನ ಊರಿಗೆ ಹೋಗಿ ನಾಲ್ಕು ತಿಂಗಳು ಇದ್ದು ಬರುತ್ತೇನೆ ಎಂದೆ. ಅವನು ಅವತ್ತೇ ಎಲ್ಲಿಂದಲೋ ಒಂದು ಹೊರೆ ಕಬ್ಬು ತಂದು ನನ್ನ ಖೋಲಿಯ ಬಾಗಿಲಿಗೆ ಒರಗಿಸಿದ. "ಕಾಮಾಲಿಗೆ ಕಬ್ಬಿನಂಥ ಔಷಧ ಇಲ್ಲ. ತಿನ್ನಲೇ ಗುರ್ಯಾ, ನಾಚಬ್ಯಾಡ" ಎಂದು ತಾನೂ ಜೊತೆಗೆ ಕೂತು ಅರ್ಧ ಹೊರೆ ತಿಂದ. ಬಸ್ ಸ್ಟ್ಯಾಂಡಿನವರೆಗೆ ಟ್ರಂಕು ಹೊತ್ತವನೂ ಅವನೇ. ಬಸ್ಸು ಹೊರಟಾಗ ಕಿಟಕಿಯ ಪಕ್ಕ ಓಡುತ್ತ, "ಮಗ್ಗದ ಕಾಳಜಿ ಮಾಡಬ್ಯಾಡ, ನಾ ಅದೇನಿ" ಎಂದು ಕೂಗಿದ. ಆ ಕೂಗು ಗಡಹಿಂಗ್ಲಜದವರೆಗೂ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂತು.

ಅಕ್ಕನ ಮನೆ ಮೆಣಸಿನಕಾಯಿ ದಾಸ್ತಾನು ಮಾಡುವ ವಖಾರಗಳ ಓಣಿಯ ಕೊನೆಯಲ್ಲಿತ್ತು. ಅವಳ ಗಂಡ ವಖಾರದಲ್ಲಿ ತೂಕ ಮಾಡುವವನು, ಮಾತು ಕಡಿಮೆ, ಮನಸ್ಸು ದೊಡ್ಡದು. ಅಕ್ಕ ನನ್ನನ್ನು ಕಂಡೊಡನೆ ಅತ್ತಳು, ಮೂಗು ಒರೆಸಿಕೊಂಡಳು, ಒಂದು ಹಿತ್ತಾಳೆ ತಾಟು, ಒಂದು ತಂಬಿಗೆ ತಂದು ನನ್ನ ಮುಂದೆ ಇಟ್ಟಳು. "ನೋಡ, ನಿನ್ನ ತಾಟು ಬ್ಯಾರೆ, ತಂಬಗಿ ಬ್ಯಾರೆ, ಹಾಸಗಿ ಬ್ಯಾರೆ. ಡಾಕ್ಟರ ಹೇಳ್ಯಾರ. ಆದ್ರ ತಮ್ಮ ಮಾತ್ರ ಬ್ಯಾರೆ ಅಲ್ಲ. ತಿಳೀತಿಲ್ಲೋ?" ತಿಳಿಯಿತು ಎಂದೆ. ತಿಳಿದೂ ಮೊದಲ ವಾರವೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಮದುವೆಯ ಮಾತೂ ಅಷ್ಟರಲ್ಲಿ ಮುರಿದುಬಿದ್ದಿತ್ತು. ಸಾಯುವ ಹೆದರಿಕೆ ಒಂದು ಪಾಲು, ಸಂಗಪ್ಪನ ನೆನಪು ಮೂರು ಪಾಲು.

ಗೋಡೆಯಿಂದ ನನ್ನನ್ನು ಎಬ್ಬಿಸಿದ್ದು ಮೆಣಸಿನಕಾಯಿ. ಸಂಕ್ರಾಂತಿ ದಾಟಿದ್ದೇ ಸುತ್ತಲ ಹಳ್ಳಿಗಳಿಂದ ಗಾಡಿಗಟ್ಟಲೆ ಕಾಯಿ ಬರತೊಡಗಿತು. ವಖಾರದ ಅಂಗಳಗಳಲ್ಲಿ ಆಳೆತ್ತರದ ಕೆಂಪು ರಾಶಿಗಳು, ಅವುಗಳ ಸುತ್ತ ಕೂತು ತೊಟ್ಟು ಮುರಿಯುವ ಹೆಂಗಸರು. ಅವರೆಲ್ಲರ ಬಾಯಿಗೆ ಬಟ್ಟೆ ಕಟ್ಟಿರುತ್ತಿತ್ತು, ಎಲ್ಲರೂ ಕೆಮ್ಮುತ್ತಿದ್ದರು, ಎಲ್ಲರ ಕಣ್ಣಲ್ಲೂ ನೀರು. ಡಾಕ್ಟರರ ಆಜ್ಞೆಯಂತೆ ನಾನೂ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮುಖ ತಗ್ಗಿಸಿ ಓಣಿ ದಾಟುತ್ತಿದ್ದೆ. ಮೊದಲ ದಿನ ಕೆಮ್ಮು ಬಂದಾಗ ಜೀವವೇ ಹೋದಂತಾಯಿತು. ಒಬ್ಬಾಕೆ ತಲೆಯೆತ್ತಿ ನೋಡಿ, "ಯಾಕೋ ತಮ್ಮಾ, ಘಾಟ ಹತ್ತೇನು? ವಾರದಾಗ ರೂಢಿ ಆಗತೈತಿ" ಎಂದಳು. ಇಡೀ ಇಚಲಕರಂಜಿಯಲ್ಲಿ ಸಿಗದಿದ್ದ ಅಭಯ ಆ ಒಂದು ಮಾತಿನಲ್ಲಿ ಸಿಕ್ಕಿತು. ಅಲ್ಲಿ ಎಷ್ಟು ಬೇಕಾದರೂ ಕೆಮ್ಮಬಹುದಿತ್ತು, ಹೆಸರು ಮೆಣಸಿನಕಾಯಿಗೆ ಹೋಗುತ್ತಿತ್ತು. ನಾನು ದಿನವೂ ದೂರದ ಕಟ್ಟೆಯ ಮೇಲೆ ಕೂತು ಆ ಹೆಂಗಸರ ಜಗಳ ಕೇಳುವುದನ್ನು, ನನ್ನನ್ನು ನೋಡಿಕೊಳ್ಳುತ್ತಿದ್ದ ಗಡಹಿಂಗ್ಲಜದ ಡಾಕ್ಟರು ಒಂದು ದಿನ ಕಂಡುಹಿಡಿದರು. "ಎದಿ ಸುಡಬೇಕಂತ ಮಾಡೀಯೇನು? ಹೊಳೀ ದಂಡಿಗೆ ಹೋಗಿ ಕುಂಡ್ರು" ಎಂದು ಬೈದು ಅಟ್ಟಿದರು.

ದಿನವೂ ಬೆಳಿಗ್ಗೆ ಆ ಡಾಕ್ಟರರ ದವಾಖಾನೆಯಲ್ಲಿ ನನಗೆ ಸೂಜಿ. ಅಲ್ಲಿ ಬೆಂಚಿನ ಮೇಲೆ ನನಗಿಂತ ಮೊದಲೇ ಬಂದು ಕೂತಿರುತ್ತಿದ್ದವರು ಪದ್ಮವ್ವ. ಊರ ಹೊರಗೆ ತೋಟವಿದ್ದ ಜೈನರ ಮನೆಯ ಹೆಣ್ಣುಮಗಳು, ಗಂಡ ತೀರಿಕೊಂಡಿದ್ದರು, ವಯಸ್ಸು ಐವತ್ತೈದರ ಆಚೆ ಈಚೆ. ನನಗಿದ್ದ ರೋಗವೇ ಅವರಿಗೂ. ಮೊದಲ ಸಲ ಅವರು ನನ್ನ ಮುಖ ನೋಡಿ ಕೇಳಿದರು.

"ಎಷ್ಟನೇ ಸೂಜೀಪಾ ನಿಂದು?"

"ಹನ್ನೆರಡನೇದ್ರಿ."

"ಹನ್ನೆರಡಕ್ಕs ಮಾರಿ ಹಿಂಗ ಮಾಡೀದಿ? ನಂದು ಐವತ್ತ ದಾಟಿದವು. ಕುಂಡ್ರೂ ಜಾಗಾ ಜರಡಿ ಆಗೈತಿ, ಆದ್ರೂ ಬೆಂಚಿನ ಮ್ಯಾಲ ಕುಂತೇನಿಲ್ಲೋ?"

ಕಂಪೌಂಡರ್ ಸೂಜಿ ಕೈಯಲ್ಲಿ ಹಿಡಿದೇ ನಕ್ಕ. ಎಷ್ಟೋ ವಾರಗಳ ಮೇಲೆ ನಾನೂ ನಕ್ಕೆ.

ನನಗೆ ಕನ್ನಡ, ಮರಾಠಿ ಎರಡೂ ಓದು ಬರಹ ಬರುತ್ತದೆಂದು ಗೊತ್ತಾದ ದಿನವೇ ಅವರು ಒಂದು ಪಾಟಿ, ಒಂದು ಬಳಪ ತಂದರು. ಗಂಡ ಓದುತ್ತಿದ್ದ ಕನ್ನಡದ ಪೂಜೆಯ ಪುಸ್ತಕವೊಂದು ಪೆಟ್ಟಿಗೆಯಲ್ಲಿ ಬಿದ್ದಿದೆ, ತಾವೇ ಓದಬೇಕು ಎಂದರು. "ನಲವತ್ತ ವರ್ಷ ಹೊಲ, ಮನಿ, ಮಕ್ಕಳು ಅಂತ ಓಡ್ಯಾಡಿದೆ. ಈಗ ಡಾಕ್ಟರ ಕುಂಡ್ರು ಅಂದಾರ. ಕುಂತ ಮ್ಯಾಲ ಸುಮ್ಮನ ಯಾಕ ಕುಂಡ್ರಬೇಕು? ದಿನಾ ಒಂದ ಸೂಜಿ, ಒಂದ ಅಕ್ಷರ." ರೋಗವನ್ನು ಹೀಗೆ ಕೆಲಸಕ್ಕೆ ಹಚ್ಚಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸೂಜಿ ಆದ ಮೇಲೆ ದವಾಖಾನೆಯ ಬೇವಿನ ಮರದ ಕೆಳಗೆ ಅರ್ಧ ತಾಸು ಶಾಲೆ ನಡೆಯಿತು. ಮಾಸ್ತರನಾದ ಜಂಬದಲ್ಲಿ ನಾನು ದಿನವೂ ಕ್ಷೌರ ಮಾಡಿಕೊಳ್ಳತೊಡಗಿದೆ. ಅವರು ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕುವವರಲ್ಲ, ಗುಳಿಗೆಯನ್ನೂ ಬೆಳಕಿನಲ್ಲೇ ನುಂಗುವವರು. ಸಂಜೆಯ ಗುಳಿಗೆ ಮರೆಯುತ್ತಿದ್ದ ನನಗೂ ಅದೇ ನೇಮ ಹಚ್ಚಿದರು. ಅಕ್ಕ ನನಗಾಗಿ ಹೊತ್ತು ಇಳಿಯುವ ಮೊದಲೇ ರೊಟ್ಟಿ ಬಡಿಯತೊಡಗಿದಳು. ಮಾತಾಡದ ಅವಳ ಗಂಡ ಒಂದು ದಿನ ತಣ್ಣನೆಯ ರೊಟ್ಟಿ ಮುರಿಯುತ್ತ, "ಮನ್ಯಾಗ ಎಲ್ಲಾರೂ ಜೈನರಾದ್ರಪಾ" ಎಂದು ಉಸಿರುಬಿಟ್ಟ. ಎರಡು ತಿಂಗಳಲ್ಲಿ ನನ್ನ ತೂಕ ಏರಿತು, ಜ್ವರ ಬಿಟ್ಟಿತು. ಬಿಡದೆ ಉಳಿದದ್ದು ಸಂಗಪ್ಪನ ವಿಚಾರ ಒಂದೇ.

ಪದ್ಮವ್ವನಿಗೆ ಅದನ್ನೂ ಹೇಳಿಬಿಟ್ಟೆ. ಅವರು ಪಾಟಿ ಕೆಳಗಿಟ್ಟು ಕೊನೆಯವರೆಗೆ ಕೇಳಿಸಿಕೊಂಡರು.

"ಅವಗ ಹೇಳಿಯೇನು?"

"ಇಲ್ಲರಿ."

"ಯಾಕ?"

"ಹೆಂಗ ಹೇಳೂದ್ರಿ? ಅವನ ಬಾಯಾಗ ವಿಷ ಹಾಕಿ ಬಂದೇನಿ. ಎರಡ ಸಣ್ಣ ಹುಡಿಗ್ಯಾರು ಅದಾವು ಅವಗ."

"ಹುಡಿಗ್ಯಾರು ಅದಾವು ಅಂತs ಹೇಳಬೇಕು" ಎಂದವರೇ ಪಾಟಿಯತ್ತ ತಿರುಗಿದರು. ನಾಲ್ಕು ದಿನ ಬಿಟ್ಟು ಒಂದು ಪೋಸ್ಟ್ ಕಾರ್ಡ್ ತಂದು, ತಮಗೆ ಈಗ ಅಕ್ಷರಗಳೆಲ್ಲ ಬರುತ್ತವೆ, ಪತ್ರ ಬರೆಯುವುದು ಕಲಿಯಬೇಕು, ನೀನು ಹೇಳು ನಾನು ಬರೆಯುತ್ತೇನೆ ಎಂದರು. ಯಾರಿಗೆ ಎಂದೆ. "ನಿನ್ನ ಸಂಗಪ್ಪಗ. ಬರೇ ರೂಢಿಗೆ" ಎಂದರು. ರೂಢಿಗೆ ತಾನೆ ಎಂದು ನಾನು ಹೇಳಿದೆ. ಆ ಎಂಟು ಸಾಲು ಬರೆಯಲು ಅವರಿಗೆ ಮೂರು ದಿನ ಹಿಡಿಯಿತು. "ನನಗ ಆಗಿದ್ದು ಕಾಮಾಲಿ ಅಲ್ಲ, ಟಿ.ಬಿ. ಆರು ವಾರ ನೂಲಿನಾಗ ರಕ್ತ ಬರತಿತ್ತು. ಗೊತ್ತಿದ್ದೂ ನಿನ್ನ ಕೈಯಾಗ ಲಾಳಿ ಕೊಟ್ಟೆ. ನೀ ಲಗೂನ ಕೊಲ್ಹಾಪುರಕ್ಕ ಹೋಗಿ ಎದಿ ಫೋಟೋ ತಗಸು. ನನ್ನ ಮಾರಿ ನೋಡಬ್ಯಾಡ ಅಂದ್ರೂ ನಡೀತೈತಿ, ಫೋಟೋ ಮಾತ್ರ ತಗಸು." ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ, ಸಾಲು ಗುಡ್ಡ ಹತ್ತಿ ಇಳಿದಿತ್ತು. ಕೊನೆಗೆ, "ವಿಳಾಸ ಹೆಂಗ ಬರೀತಾರ? ಅದೂ ಕಲಿಸು" ಎಂದರು. ಯಾಕೆ ಕೇಳುತ್ತಿದ್ದಾರೆಂದು ಆ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಗೊತ್ತಾಗಿಯೂ ಶೆಡ್ಡಿನ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ನನ್ನ ಕೈಯಿಂದ ಆಗದ್ದನ್ನು ಅವರ ಕೈಯಿಂದ ಮಾಡಿಸಿದೆ. ಮರುದಿನ ಕಾರ್ಡು ಎಲ್ಲಿ ಎಂದು ಕೇಳಿದರೆ, "ಅಂಚೀ ಡಬ್ಬಿಯೊಳಗ ಬಿತ್ತು" ಎಂದರು, ತಾನಾಗಿಯೇ ಬಿದ್ದಿತೇನೋ ಎಂಬಂತೆ.

ಸಂಗಪ್ಪನಿಗೆ ಓದಲು ಬಾರದು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ.

ಯುಗಾದಿಗೆ ನಾಲ್ಕು ದಿನ ಇತ್ತು. ನಾನು ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಬೆಳಗಿನ ಬಿಸಿಲು ಕಾಯಿಸುತ್ತಿದ್ದೆ. ಓಣಿಯ ಆ ತುದಿಯಲ್ಲಿ, "ಗುರ್ಯಾ ಅನ್ನಾವ ಎಲ್ಲದಾನ?" ಎಂದು ಯಾರೋ ಕೂಗಿದರು. ಶೆಡ್ಡಿನ ಸದ್ದನ್ನು ಮೀರಿಸುತ್ತಿದ್ದ ಆ ದನಿ ನನಗೆ ಗೊತ್ತಿಲ್ಲದೇನು? ಏಟು ತಿನ್ನಲು ತಯಾರಾಗಿ ಎದ್ದು ನಿಂತೆ. ಸಂಗಪ್ಪ ಬಂದ, ಮೊದಲಿಗಿಂತ ತೆಳ್ಳಗಾಗಿದ್ದ, ಬಗಲಲ್ಲಿ ಕಂದು ಬಣ್ಣದ ದೊಡ್ಡ ಲಕೋಟೆ. ಅದರಿಂದ ಫಿಲ್ಮ್ ತೆಗೆದು ಬಿಸಿಲಿಗೆ ಹಿಡಿದ. "ನೋಡ. ಇಲ್ಲಿ, ಬಲಗಡೆ" ಎಂದ. ಮೂಡಲ ಬಿಸಿಲಿನಲ್ಲಿ ಅವನ ಪಕ್ಕೆಲುಬುಗಳ ನಡುವೆ ಬಿಳಿ ಕಲೆ ಕಂಡಿತು.

ನಮ್ಮ ಶೆಡ್ಡಿನಲ್ಲಿ ಮಗ್ಗ ದುರಸ್ತಿ ಮಾಡುವ ಬನಹಟ್ಟಿಯ ಜಾಬರನೊಬ್ಬ ಆ ಕಾರ್ಡನ್ನು ಕರೆಂಟು ಹೋದ ಹೊತ್ತಿನಲ್ಲಿ ಇಡೀ ಶೆಡ್ಡಿಗೆ ಕೇಳುವಂತೆ ಓದಿದ್ದನಂತೆ. ಕರೆಂಟು ತಿರುಗಿ ಬಂದರೂ ಬಹಳ ಹೊತ್ತು ಯಾರೂ ಲಾಳಿಗೆ ಬಾಯಿ ಹಚ್ಚಲಿಲ್ಲವಂತೆ. ಮರುದಿನವೇ ಒಬ್ಬ ಕೊಡೆಯ ಕಡ್ಡಿ ಬಗ್ಗಿಸಿ ಕೊಂಡಿ ಮಾಡಿ, ಅದರಿಂದ ನೂಲು ಎಳೆದು ತೋರಿಸಿದನಂತೆ. ಈಗ ಎಲ್ಲರ ಜೇಬಿನಲ್ಲೂ ಒಂದು ಕೊಂಡಿ ಎಂದು ಸಂಗಪ್ಪ ಹೇಳಿದ. ಕೆಲವರು ಅವನ ಜೊತೆ ಕೊಲ್ಹಾಪುರಕ್ಕೆ ಹೋಗಿ ಫೋಟೋ ತೆಗೆಸಿದ್ದರು, ಅವನ ಹೆಂಡತಿ ಮಕ್ಕಳೂ ಸಹ. ಅವರೆಲ್ಲ ಪಾರು. ಸಿಕ್ಕಿದ್ದು ಇವನೊಬ್ಬನೇ.

"ನನ್ನ ತಪ್ಪು ಸಂಗಣ್ಣ" ಎಂದೆ. "ನಾನs ಹತ್ತಿಸೇನಿ ನಿನಗ."

ಸಂಗಪ್ಪ ಫಿಲ್ಮನ್ನು ಲಕೋಟೆಗೆ ಹಾಕಿದ, ಕಟ್ಟೆಯ ಮೇಲೆ ಕೂತ, ನೆಲ ನೋಡಿದ.

"ಇಲ್ಲೋ ಗುರ್ಯಾ. ಅಲ್ಲಿ ಇನ್ನೊಬ್ಬ ಡಾಕ್ಟರ ಅಂದ್ರು, ಇದು ಹಳೇದು, ವರ್ಷದ ಮ್ಯಾಲಿಂದು. ಮೊನ್ನಿನ ಶ್ರಾವಣ ಅಲ್ಲ, ಅದರ ಹಿಂದಿನ ಶ್ರಾವಣದಾಗ ನನಗ ರಕ್ತ ಬಿದ್ದಿತ್ತು. ಯಾರಿಗೂ ಹೇಳಲಿಲ್ಲ. ಆಡುಸೋಗಿ ಎಲಿ ಕುದಿಸಿ ಕುಡದೆ, ನಿಂತಿತು. ಹೋತು ಅಂತ ತಿಳಕೊಂಡೆ. ಲಾಳಿ ನಿನಗ ಕೊಡಕೋತನs ಇದ್ನಿ."

ನನ್ನ ರೋಗ ಶುರುವಾಗುವುದಕ್ಕೂ ಒಂದು ವರ್ಷ ಮೊದಲು!

ಇಲ್ಲಿ ನಾನು ಅವನನ್ನು ತಬ್ಬಿಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನನಗೆ ಬಂದದ್ದು ಕೆಂಡದಂಥ ಸಿಟ್ಟು. ಇಷ್ಟು ತಿಂಗಳು ನಾನು ಒಳಗೊಳಗೇ ಅತ್ತದ್ದು ಇವನಿಗಾಗಿ. ಇವನೋ, ಕಬ್ಬಿನ ಹೊರೆ ಹೊತ್ತು ತಂದು ನನ್ನ ಮುಂದೆ ಕೂತು ತಿಂದವನು. "ಹಂಗಾರ ಹತ್ತಿಸಿದಾವ ನೀನs! ನನ್ನ ಮದಿವಿ ಮುರದಾವ ನೀನು, ನನ್ನ ಎದಿ ತಿಂದಾವ ನೀನು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅವನಿಗೂ ರೇಗಿತು. "ನೀ ಏನ್ ಸತ್ಯಹರಿಶ್ಚಂದ್ರ ಏನಲೇ? ನೀನೂ ಮುಚ್ಚಿಟ್ಟಿಲ್ಲೇನು?" ಎಂದ. ಕೂಗಾಟದ ನಡುವೆ ಇಬ್ಬರಿಗೂ ಕೆಮ್ಮು ಬಂತು. ಬಾಯಿಗೆ ಬಟ್ಟೆ ಹಿಡಿದು, ಕೆಮ್ಮುತ್ತಲೇ ಒಬ್ಬರ ಕಡೆ ಒಬ್ಬರು ಬೆರಳು ಮಾಡಿ ತೋರಿಸುತ್ತ ಜಗಳ ಮುಂದುವರಿಸಿದೆವು. ತೊಟ್ಟು ಮುರಿಯುವ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ನನ್ನ ಗುಟ್ಟು ಅಂದಿಗೆ ಮುಗಿಯಿತು. ಅವರಲ್ಲಿ ಹಿರಿಯಳೊಬ್ಬಳು, "ಅಯ್ಯ, ಇದs ಏನು? ನಮಗ ಆವತ್ತs ಗೊತ್ತಿತ್ತು. ಘಾಟಿನ ಕೆಮ್ಮು ಬ್ಯಾರೆ ಇರತೈತಿ" ಎಂದು ಮತ್ತೆ ತೊಟ್ಟು ಮುರಿಯತೊಡಗಿದಳು.

ಸಂಗಪ್ಪನಿಗೆ ವಿಶ್ರಾಂತಿ ಬೇಕಿತ್ತು. ಹೆಂಡತಿ ಮಕ್ಕಳನ್ನು ತೇರದಾಳದ ಅಣ್ಣನ ಮನೆಯಲ್ಲಿ ಬಿಟ್ಟು ಬಂದಿದ್ದ. ಪದ್ಮವ್ವ ತಮ್ಮ ತೋಟದ ಮನೆಯ ಒಂದು ಕೋಣೆ ಬಿಟ್ಟುಕೊಟ್ಟರು. ದಿನವೂ ಬೆಳಿಗ್ಗೆ ದವಾಖಾನೆಯ ಬೆಂಚಿನ ಆ ತುದಿಗೆ ಅವನು, ಈ ತುದಿಗೆ ನಾನು, ನಡುವೆ ಪದ್ಮವ್ವ. ನೇರ ಮಾತಿಲ್ಲ. "ಪದ್ಮವ್ವಾರ, ಆ ಮನಷ್ಯಾಗ ಅಡ್ಡ ಕಾಲ ತಗೀ ಅಂತ ಹೇಳ್ರಿ" ಎಂದು ನಾನು. "ಪದ್ಮವ್ವಾರ, ಕಾಲ ನಂದು, ಬೆಂಚು ಅವಂದಲ್ಲ ಅಂತ ಹೇಳ್ರಿ" ಎಂದು ಅವನು. ಪದ್ಮವ್ವ ಪೂಜೆಯ ಪುಸ್ತಕದಿಂದ ತಲೆಯೆತ್ತದೆ, "ಇಬ್ಬರಿಗೂ ಕಿವಿ ಅದಾವು, ಎದಿ ಅಷ್ಟs ಕೆಟ್ಟೈತಿ" ಎನ್ನುತ್ತಿದ್ದರು. ಆಗಲೇ ಅವರು ಒಂದೊಂದೇ ಪದ ಕೂಡಿಸಿ ಓದುತ್ತಿದ್ದರು. ಹೀಗೆ ಬೇಸಿಗೆ ಕಳೆಯಿತು.

ಜೂನಿನಲ್ಲಿ ಮಿರಗದ ಮಳೆ ಹಿಡಿದು ಹೊಳೆ ಕೆಂಪಾದಾಗ ಸಂಗಪ್ಪ ಬೆಂಚಿಗೆ ಬರುವುದು ನಿಂತಿತು. ಗುಳಿಗೆಯ ಜೊತೆಗೆ ಒಂದು ಪುಡಿ ಕೊಡುತ್ತಿದ್ದರು. ಅದರ ಕೆಟ್ಟ ರುಚಿಗೆ ನಾನೂ ಮೂಗು ಹಿಡಿದು ನುಂಗುತ್ತಿದ್ದೆ. ಅವನಿಗೆ ಅದು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ, ವಾಂತಿಯಾಗುತ್ತಿತ್ತು. ಮೂರು ದಿನದಿಂದ ಔಷಧವನ್ನೂ ಮುಟ್ಟಿಲ್ಲ, ಅನ್ನವನ್ನೂ ಮುಟ್ಟಿಲ್ಲ ಎಂದು ಪದ್ಮವ್ವ ಹೇಳಿದರು. ಅಷ್ಟು ತಿಂಗಳು ಅವನ ಮೇಲೆ ಹಲ್ಲು ಕಡಿದ ನಾನು, ಅವನು ಸಾಯಬಹುದು ಎಂದು ಒಂದು ದಿನವೂ ಎಣಿಸಿರಲಿಲ್ಲ. ಗೋಣಿಚೀಲ ತಲೆಗೆ ಹಾಕಿಕೊಂಡು ಮಳೆಯಲ್ಲೇ ತೋಟಕ್ಕೆ ಹೋದೆ. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಆ ಮಲಗುವ ರೀತಿ ನನಗೆ ಗೊತ್ತಿದ್ದದ್ದೇ.

"ಏಳ" ಎಂದೆ.

"ಹೋಗಲೇ. ನನ್ನಿಂದ ಆಗಂಗಿಲ್ಲ. ಮಗ್ಗ ಹೋತು, ಊರ ಹೋತು. ಇನ್ನ ಯಾಕ?"

"ನನಗ ಹತ್ತಿಸಿ, ನನ್ನಕಿಂತ ಮೊದಲ ಸಾಯತಿಯೇನು? ಅದೆಂಥಾ ನ್ಯಾಯ? ಏಳ, ಪುಡಿ ತಗೋ."

ಅವನು ತಿರುಗಿ ನೋಡಿದ. ಮೂರು ತಿಂಗಳ ಮೇಲೆ ನಾನು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವನ ಮುಖದ ಮೇಲೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎದ್ದು ಕೂತ. ಪುಡಿಯನ್ನು ಬಾಳೆಹಣ್ಣಿನಲ್ಲಿ ಕಲಸಿ ಕೊಟ್ಟೆ, ಅಕ್ಕ ನನಗೆ ಕೊಡುತ್ತಿದ್ದದ್ದು ಹಾಗೆ. ವಾಂತಿಯಾಯಿತು. ಮತ್ತೆ ಕೊಟ್ಟೆ. ಎರಡನೆಯದು ನಿಂತಿತು. ಅಂದಿನಿಂದ ಬೆಳಿಗ್ಗೆ ಮಧ್ಯಾಹ್ನ ಸಂಜೆ ಅವನ ಮುಂದೆ ಕೂತು, ಅವನು ನುಂಗಿ ಬಾಯಿ ತೆರೆದು ತೋರಿಸುವವರೆಗೆ ಏಳುತ್ತಿರಲಿಲ್ಲ. ಅವನೂ ನನ್ನದನ್ನು ಹಾಗೆಯೇ ನೋಡತೊಡಗಿದ. ಮಳೆ ನಿಂತ ಹೊತ್ತಿನಲ್ಲಿ ಹೊಳೆಯ ದಂಡೆಯವರೆಗೆ ನಡೆದು ಹೋಗುತ್ತಿದ್ದೆವು. ಸುಮ್ಮನೆ ಕೂಡುವುದು ಆಗದೆ ಅವನೂ ಪದ್ಮವ್ವನ ಹಳೆಯ ಪಾಟಿ ಇಸಿದುಕೊಂಡ. ಶ್ರಾವಣ ಮುಗಿಯುವುದರೊಳಗೆ ಹೆಂಡತಿಗೆ ತನ್ನ ಕೈಯಿಂದಲೇ ಒಂದು ಕಾರ್ಡು ಬರೆದ. ಅದನ್ನು ಯಾರಿಂದ ಓದಿಸಿಕೊಂಡಳೋ, ತಿರುಗಿ ಉತ್ತರ ಬಂದಾಗ ಅದರ ತುಂಬ ಹೆಣ್ಣುಮಕ್ಕಳ ಎಣ್ಣೆ ಹಚ್ಚಿದ ಅಂಗೈ ಗುರುತುಗಳಿದ್ದವು. ಅವನು ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗಿದ.

ಆ ನಡೆದಾಟದಲ್ಲಿ ನನಗೆ ಅರ್ಥವಾದದ್ದು ಬಹಳ ಸರಳ. ಅವನು ಮುಚ್ಚಿಟ್ಟದ್ದಕ್ಕೂ ನಾನು ಮುಚ್ಚಿಟ್ಟದ್ದಕ್ಕೂ ಕಾರಣ ಒಂದೇ, ಮಗ್ಗ ಹೋದೀತೆಂಬ ಹೆದರಿಕೆ. ಅವನಿಗೆ ಮಕ್ಕಳಿದ್ದವು, ನನಗೆ ಅವೂ ಇರಲಿಲ್ಲ. ಅಂದಮೇಲೆ ಹೆಚ್ಚಿನ ತಪ್ಪು ಯಾರದು? ಇದನ್ನು ಅವನಿಗೆ ಬಾಯಿಬಿಟ್ಟು ಹೇಳಲಿಲ್ಲ. ಆ ಮಳೆಗಾಲದಷ್ಟು ನಿಶ್ಚಿಂತೆಯಾಗಿ ನಾನು ಆಮೇಲೆ ಎಂದೂ ನಕ್ಕಿಲ್ಲ.

ದೀಪಾವಳಿಯ ಹಿಂದಿನ ವಾರ ಇಬ್ಬರೂ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದೆವು. ಪದ್ಮವ್ವನ ಸೂಜಿಗಳು ಅಷ್ಟರಲ್ಲಿ ಮುಗಿದಿದ್ದವು. ಆ ದಿನ ಅವರು ಬಸ್ ಸ್ಟ್ಯಾಂಡಿಗೆ ಬಂದು, ಬಸ್ಸಿನ ಹಣೆಯ ಮೇಲಿದ್ದ ಮರಾಠಿ ಬೋರ್ಡನ್ನೂ ಓದಲು ಹೋಗಿ ಅರ್ಧಕ್ಕೆ ನಿಂತರು. "ತಿರಿಗಿ ಬಂದ ಮ್ಯಾಲ ಇದನ್ನೂ ಕಲಿಸಬೇಕು" ಎಂದರು. ದಾರಿಯುದ್ದಕ್ಕೂ ಸಂಗಪ್ಪ ಒಳಜೇಬಿನ ಕಾರ್ಡನ್ನು ಮುಟ್ಟಿ ಮುಟ್ಟಿ ನೋಡಿಕೊಂಡ.

ಅದೇ ಡಾಕ್ಟರು, ಅದೇ ದಪ್ಪ ಕನ್ನಡಕ. ಇಬ್ಬರ ಫಿಲ್ಮುಗಳನ್ನೂ ದೀಪದ ಮುಂದೆ ಅಕ್ಕಪಕ್ಕ ಸಿಕ್ಕಿಸಿದರು. ನನ್ನ ಎಡಗಡೆಯ ಕಲೆ ಒಣಗಿದ ಗಾಯದ ಗುರುತಿನಷ್ಟೇ ಉಳಿದಿತ್ತು. ಸಂಗಪ್ಪನ ಬಲಗಡೆಯದು ಅರ್ಧಕ್ಕಿಂತ ಹೆಚ್ಚು ಕರಗಿತ್ತು. ಗುಳಿಗೆ ಇನ್ನೂ ನುಂಗಬೇಕು, ಆದರೆ ಹೆದರಿಕೆ ಹೋಯಿತು ಎಂದರು. ಸಂಗಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನು ದೀಪದ ಮುಂದಿನ ಆ ಎರಡು ಎದೆಗೂಡುಗಳನ್ನೇ ನೋಡುತ್ತ ನಿಂತೆ. ಹೆಸರು ಬರೆದಿರದಿದ್ದರೆ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ.

ಡಾಕ್ಟರು ಒಂದು ದೊಡ್ಡ ಪುಸ್ತಕ ಬಿಡಿಸಿ, ಒಂದೇ ಮಗ್ಗದ ಇಬ್ಬರು ಎಂದು ಬರೆದುಕೊಂಡು, ಪೆನ್ನು ಎತ್ತಿ ಕೇಳಿದರು. "ಆಧೀ ಕೋಣಾಲಾ ಝಾಲಾ?"

ಮೊದಲು ಆದದ್ದು ಯಾರಿಗೆ ಎಂದು.

"ನನಗರಿ" ಎಂದೆ.

ನನ್ನ ಮಾತಿನ ಮೇಲೆಯೇ ಸಂಗಪ್ಪನ ಮಾತು ಬಿತ್ತು. "ನನಗರಿ!"

ನಾನು ಅವನ ಕಡೆ ಕಣ್ಣು ಬಿಟ್ಟೆ. ಅವನು ಮೇಜಿನ ಮರೆಯಲ್ಲಿ ನನ್ನ ಕಾಲು ತುಳಿದ. "ಇಂವಾ ಸುಳ್ಳ ಹೇಳಾಕತ್ತಾನ್ರಿ, ನಾನs ಹತ್ತಿಸೇನಿ ಇವಗ" ಎಂದ. "ಇಲ್ಲರಿ ಸಾಹೇಬ್ರ, ಅವಗ ನೆನಪ ಕಡಿಮಿ ಐತಿ. ಹತ್ತಿಸಿದಾವ ನಾನು" ಎಂದೆ. ಡಾಕ್ಟರು ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ನನ್ನದು ನೋಡಿದರು. ಆಮೇಲೆ ಆ ಜಾಗವನ್ನು ಖಾಲಿ ಬಿಟ್ಟು ಹಾಳೆ ತಿರುವಿದರು.